ಮರಳಿನ ಮೇಲಿನ ಗೆರೆಗಳು: ಉಪಗ್ರಹ ಕಂಡಿದ್ದನ್ನು ನೆಲದಲ್ಲಿ ಉಳಿಸೋರು ಯಾರು?

ಜುಮಾ ರಜೆ ದಿನ ಊಟ ಮುಗಿಸಿ ಕ್ಯಾಂಪ್ ರೂಮಿನಲ್ಲಿ ಅಡ್ಡಾಗಿ ಮೊಬೈಲ್ ಹಿಡಿದವರಿಗೆ ಆಗಾಗ ಒಂದು ವಿಡಿಯೋ ಸಿಕ್ಕೇ ಸಿಗುತ್ತೆ. ಗೂಗಲ್ ಅರ್ಥ್‌ನಲ್ಲಿ ಸೌದಿ ಮರುಭೂಮಿಯನ್ನು ಮೇಲಿಂದ ತೋರಿಸುತ್ತಾ ಹೋಗಿ, ಕಪ್ಪು ಕಲ್ಲಿನ ನೆಲದ ಮೇಲೆ ಮೂಡಿದ ಉದ್ದನೆಯ ಚೌಕಟ್ಟುಗಳ ಮೇಲೆ ನಿಲ್ಲಿಸಿ, "ಇವನ್ನು ಕಟ್ಟಿದ್ದು ಮನುಷ್ಯರಲ್ಲ" ಅಂತ ಹೇಳುವ ವಿಡಿಯೋ. ಒಬ್ಬರು ಅನ್ಯಗ್ರಹದವರ ಕೆಲಸ ಅಂತಾರೆ, ಇನ್ನೊಬ್ಬರು ರಾಕ್ಷಸರ ಕಾಲದ ಬಾಗಿಲು ಅಂತಾರೆ. ಗ್ರೂಪಿನಿಂದ ಗ್ರೂಪಿಗೆ ಅದು ಫಾರ್ವರ್ಡ್ ಆಗ್ತಾ ಹೋಗುತ್ತೆ.

ಆಕಾರಗಳು ಮಾತ್ರ ಸುಳ್ಳಲ್ಲ, ಅವು ಅಲ್ಲೇ ಇವೆ. ಕಟ್ಟಿದವರು ಮನುಷ್ಯರೇ ಅನ್ನೋದೂ ಈಗ ಖಚಿತ. ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಇವುಗಳ ಬಗ್ಗೆ ತಿಳಿದುಬಂದ ವಿಷಯ ಆ ವಿಡಿಯೋಗಳಿಗಿಂತ ದೊಡ್ಡದು. ಅದರ ಜೊತೆಗೆ ಒಂದು ಪ್ರಶ್ನೆಯೂ ಇದೆ. ಏಳು ಸಾವಿರ ವರ್ಷ ಉಳಿದ ಈ ಗೆರೆಗಳು ಮುಂದೆಯೂ ಉಳೀತಾವಾ? ಈ ಪ್ರಶ್ನೆ ಗಲ್ಫ್‌ನಲ್ಲಿ ಗಾಡಿ ಓಡಿಸುವ, ಮಣ್ಣು ಅಗೆಯುವ, ಸರ್ವೆ ಕಡ್ಡಿ ಹಿಡಿಯುವ ಕೆಲಸಗಾರರಿಗೂ ಸೇರಿದ್ದು.

ನಿಂತಲ್ಲಿಂದ ಕಾಣದ ಆಕಾರ

ಮದೀನಾದಿಂದ ತಬೂಕ್ ಕಡೆಗೆ ಹೋಗುವ ಹೈವೇಯಲ್ಲಿ ಟ್ರೈಲರ್ ಓಡಿಸಿದವರಿಗೆ ಖೈಬರ್ ಗೊತ್ತು. ಆ ಭಾಗದಲ್ಲಿ ಮರಳಿಗಿಂತ ಕಪ್ಪು ಕಲ್ಲೇ ಜಾಸ್ತಿ. ಹಳೇ ಜ್ವಾಲಾಮುಖಿಗಳು ಉಗುಳಿದ ಲಾವಾ ತಣ್ಣಗಾಗಿ ಗಟ್ಟಿಯಾದ ಬಯಲು ಅದು. ಅರಬ್ಬಿಯಲ್ಲಿ ಇಂಥ ನೆಲಕ್ಕೆ 'ಹರ್ರಾ' ಅಂತಾರೆ. ಈ ಬಯಲಿನ ಹೆಸರು ಹರ್ರತ್ ಖೈಬರ್.

ಸೌದಿಯ ನರರೋಗ ವೈದ್ಯ ಡಾ. ಅಬ್ದುಲ್ಲಾ ಅಲ್ ಸಯೀದ್ ಅವರಿಗೆ ಮರುಭೂಮಿ ಸುತ್ತೋ ಹವ್ಯಾಸ. 'ಡೆಸರ್ಟ್ ಟೀಮ್' ಅಂತ ಗೆಳೆಯರ ಗುಂಪು ಕಟ್ಟಿಕೊಂಡಿದ್ದರು. 2004ರಲ್ಲಿ ಈ ಗುಂಪು ಹರ್ರತ್ ಖೈಬರ್‌ಗೆ ಹೋಗಿ, ಸುಮಾರು ಮೂರು ಅಡಿ ಎತ್ತರದ ಕಲ್ಲಿನ ಸಾಲುಗಳನ್ನು ಕಂಡಿತ್ತು. ಹತ್ತಿರ ನಿಂತು ನೋಡಿದರೂ ಅದು ಏನು ಅಂತ ಗೊತ್ತಾಗಲಿಲ್ಲ. ಕಣ್ಣಿಗೆ ಬಿದ್ದದ್ದು ಬರೀ ಕಲ್ಲು ಜೋಡಿಸಿದ ಗೋಡೆ.

ನಾಲ್ಕು ವರ್ಷ ಆದ ಮೇಲೆ, 2008ರಲ್ಲಿ, ಅದೇ ಜಾಗವನ್ನು ಕಂಪ್ಯೂಟರ್‌ನಲ್ಲಿ ಉಪಗ್ರಹ ಚಿತ್ರದ ಮೂಲಕ ನೋಡಿದಾಗ ಅವರಿಗೆ ಆಶ್ಚರ್ಯ ಕಾದಿತ್ತು. ತಾವು ನಿಂತಿದ್ದ ಆ ಗೋಡೆ ಒಂದು ದೊಡ್ಡ ಆಕಾರದ ಒಂದು ಬದಿ ಮಾತ್ರ ಆಗಿತ್ತು. ಎರಡು ಉದ್ದನೆಯ ಗೋಡೆ, ಎರಡೂ ತುದಿಯಲ್ಲಿ ದಪ್ಪ ಅಡ್ಡಗೋಡೆ. ಮೇಲಿಂದ ನೋಡಿದ್ರೆ ನೆಲದ ಮೇಲೆ ಮಲಗಿಸಿದ ಗೇಟಿನ ಹಾಗೆ.

ಅವರು ಈ ವಿಷಯವನ್ನು ಆಸ್ಟ್ರೇಲಿಯಾದ ಪುರಾತತ್ವ ತಜ್ಞ ಡೇವಿಡ್ ಕೆನಡಿ ಅವರಿಗೆ ತಿಳಿಸಿದರು. ಕೆನಡಿ ಜೋರ್ಡಾನ್ ಮರುಭೂಮಿಯನ್ನು ವಿಮಾನದಿಂದ ಚಿತ್ರ ತೆಗೆದು ದಶಕಗಳ ಕಾಲ ಅಧ್ಯಯನ ಮಾಡಿದವರು. ಆದರೆ ಆಗ ಸೌದಿಯಲ್ಲಿ ಹಾಗೆ ಹಾರಿ ನೋಡುವ ಅವಕಾಶ ಅವರಿಗಿರಲಿಲ್ಲ. ಹಾಗಾಗಿ ಕಂಪ್ಯೂಟರ್ ಮುಂದೆ ಕೂತು ಗೂಗಲ್ ಅರ್ಥ್‌ನಲ್ಲೇ ಹುಡುಕಿದರು. 2017ರಲ್ಲಿ ಇಂಥ ಸುಮಾರು 400 'ಗೇಟು'ಗಳ ಬಗ್ಗೆ ಅವರು ಪ್ರಬಂಧ ಪ್ರಕಟಿಸಿದಾಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿ ಆಯ್ತು. ಅದೇ ವರ್ಷ ಸೌದಿ ಕಡೆಯಿಂದ ಆಹ್ವಾನ ಬಂದು, ಹೆಲಿಕಾಪ್ಟರ್‌ನಲ್ಲಿ ಹಾರಿ ನೋಡುವ ಅವಕಾಶವೂ ಸಿಕ್ಕಿತು.

ಅಗೆದ ಮೇಲೆ ಸಿಕ್ಕ ಉತ್ತರ

ಇವತ್ತು ತಜ್ಞರು ಈ ರಚನೆಗಳನ್ನು 'ಮುಸ್ತತೀಲ್' ಅಂತ ಕರೀತಾರೆ. ಅರಬ್ಬಿ ಕಲಿತವರಿಗೆ ಗೊತ್ತಿರೋ ಹಾಗೆ ಅದಕ್ಕೆ ಆಯತ ಅಂತ ಅರ್ಥ. ಅಲ್ ಉಲಾ ರಾಯಲ್ ಕಮಿಷನ್ ಬೆಂಬಲದಲ್ಲಿ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ತಂಡ ಹೆಲಿಕಾಪ್ಟರ್ ಮತ್ತು ನೆಲದ ಸಮೀಕ್ಷೆ ಮಾಡಿ, 2021ರಲ್ಲಿ ಲೆಕ್ಕ ಪ್ರಕಟಿಸಿತು. ಆ ಲೆಕ್ಕದ ಪ್ರಕಾರ ವಾಯವ್ಯ ಸೌದಿಯಲ್ಲಿ ಸಾವಿರಕ್ಕೂ ಹೆಚ್ಚು ಮುಸ್ತತೀಲ್‌ಗಳಿವೆ. ಕೆಲವು 20 ಮೀಟರ್ ಉದ್ದ, ಕೆಲವು 500 ಮೀಟರ್ ದಾಟಿದವು. ವಯಸ್ಸು ಸುಮಾರು 7,000 ವರ್ಷ. ಈಜಿಪ್ಟಿನ ಪಿರಮಿಡ್‌ಗಳಿಗಿಂತ ಎರಡು ಸಾವಿರ ವರ್ಷಕ್ಕೂ ಹೆಚ್ಚು ಹಳೇದು.

ಆದರೆ ಯಾಕೆ ಕಟ್ಟಿದರು? ಈ ಪ್ರಶ್ನೆಗೆ ಉಪಗ್ರಹದ ಹತ್ತಿರ ಉತ್ತರ ಇಲ್ಲ. ಅಲ್ ಉಲಾದ ಪೂರ್ವಕ್ಕೆ ಒಂದು ಮುಸ್ತತೀಲ್‌ನ ತುದಿಯ ಕೋಣೆಯನ್ನು ಅಗೆದಾಗ ಮಧ್ಯದಲ್ಲಿ ನಿಲ್ಲಿಸಿದ ಒಂದು ಕಲ್ಲು ಸಿಕ್ಕಿತು. ಅದರ ಸುತ್ತ ಪ್ರಾಣಿಗಳ ತಲೆಬುರುಡೆ, ಕೊಂಬು, ಹಲ್ಲುಗಳ 260 ತುಣುಕುಗಳು. ಹೆಚ್ಚಿನವು ದನಗಳದ್ದು, ಜೊತೆಗೆ ಆಡು ಮತ್ತು ಗಸೆಲ್ ಜಿಂಕೆಯದ್ದು. ಇದರ ವರದಿ 2023ರಲ್ಲಿ ಹೊರಬಂತು. ತಲೆಯ ಭಾಗ ಮಾತ್ರ ತಂದು ಒಂದು ಕಲ್ಲಿನ ಮುಂದೆ ಇಟ್ಟಿದ್ದಾರೆ ಅಂದ್ರೆ ಅದು ಹರಕೆ, ಬಲಿ, ಪೂಜೆಯಂಥದ್ದೇ ಇರಬೇಕು ಅನ್ನೋದು ತಜ್ಞರ ಅಭಿಪ್ರಾಯ.

ದನ ಅನ್ನೋದನ್ನು ಇಲ್ಲಿ ಗಮನಿಸಬೇಕು. ಈಗಿನ ಖೈಬರ್ ಬಯಲಿನಲ್ಲಿ ದನ ಮೇಯಿಸೋದು ಯೋಚನೆಗೂ ಬಾರದ ಮಾತು. ಆ ಕಾಲದಲ್ಲಿ ಅರೇಬಿಯಾದಲ್ಲಿ ಮಳೆ ಇವತ್ತಿಗಿಂತ ಹೆಚ್ಚಿತ್ತು, ಹುಲ್ಲು ಬೆಳೀತಿತ್ತು. ಮರುಭೂಮಿ ಅಂದ್ರೆ ಎಂದೆಂದಿಗೂ ಮರುಭೂಮಿ ಅಂತ ತಿಳಿದಿದ್ದ ಎಲ್ಲರಿಗೂ ಆ ಮೂಳೆ ತುಣುಕುಗಳು ಬೇರೆಯೇ ಕಥೆ ಹೇಳ್ತವೆ.

ಗಾಳಿಪಟದ ಆಕಾರ, ಬೇಟೆಯ ಬಲೆ

ಮುಸ್ತತೀಲ್‌ಗಿಂತ ಮೊದಲೇ ಜಗತ್ತಿಗೆ ಗೊತ್ತಾದ ಇನ್ನೊಂದು ಆಕಾರ 'ಕೈಟ್', ಅಂದರೆ ಗಾಳಿಪಟ. 1920ರ ದಶಕದಲ್ಲಿ ಕೈರೋದಿಂದ ಬಾಗ್ದಾದ್‌ಗೆ ಅಂಚೆ ಒಯ್ಯುತ್ತಿದ್ದ ಬ್ರಿಟಿಷ್ ವಾಯುಪಡೆಯ ಪೈಲಟ್‌ಗಳು ಕೆಳಗಿನ ಕಪ್ಪು ನೆಲದಲ್ಲಿ ಇವನ್ನು ನೋಡಿದರು. ಮಕ್ಕಳ ಗಾಳಿಪಟದ ಹಾಗೆ ಒಂದು ತಲೆ, ಅದರಿಂದ ಹೊರಟ ಉದ್ದನೆಯ ಬಾಲಗಳು. ಪೈಲಟ್ ಪರ್ಸಿ ಮೈಟ್‌ಲ್ಯಾಂಡ್ 1927ರಲ್ಲಿ ಇದರ ಬಗ್ಗೆ ಲೇಖನ ಬರೆದರು. ಬದೂಯಿಗಳನ್ನು ಕೇಳಿದರೆ 'ಇವು ಹಳಬರು ಮಾಡಿದ ಕೆಲಸ' ಅಂತ ಹೇಳ್ತಾರೆ ಅಂತ ಅದರಲ್ಲಿ ತಿಳಿಸಿದ್ದರು.

ಈ ಉತ್ತರ ಕೇಳಿದರೆ ಕೊಪ್ಪಳ ಕಡೆಯವರಿಗೆ ಹಿರೇಬೆಣಕಲ್ ನೆನಪಾಗಬಹುದು. ಅಲ್ಲಿನ ಬೆಟ್ಟದ ಮೇಲೆ ನೂರಾರು ಶಿಲಾ ಸಮಾಧಿಗಳಿವೆ, ಚಪ್ಪಡಿ ಕಲ್ಲು ನಿಲ್ಲಿಸಿ ಮನೆಯ ಹಾಗೆ ಕಟ್ಟಿದವು. ಊರಿನವರ ಬಾಯಲ್ಲಿ ಅವು ಮೋರೇರ ಮನೆ, ಆ ಬೆಟ್ಟ ಮೋರೇರ ಗುಡ್ಡ. ಹಂಪಿ ಹತ್ತಿರ ನಿಂಬಾಪುರದ ಬೂದಿ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಅಂತ ನಂಬಿಕೊಂಡು ಬಂದಿದ್ದಾರೆ. ಕರ್ನಾಟಕದ ಇಂಥ ಬೂದಿ ದಿಬ್ಬಗಳನ್ನು ಅಗೆದು ನೋಡಿದಾಗ ಸಿಕ್ಕಿದ್ದು ಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯ ಬೂದಿ. ಖೈಬರ್‌ಗೂ ಕೊಪ್ಪಳಕ್ಕೂ ನೇರ ಸಂಬಂಧ ಏನೂ ಇಲ್ಲ. ಆದರೆ ಕಟ್ಟಿದವರ ಹೆಸರು ಮರೆತುಹೋದಾಗ ಜನ ಕಥೆ ಕಟ್ಟೋದು ಎರಡೂ ಕಡೆ ಒಂದೇ. ಇವತ್ತಿನ ಅನ್ಯಗ್ರಹದ ವಿಡಿಯೋ ಕೂಡ ಆ ಸಾಲಿನದ್ದೇ. ವ್ಯತ್ಯಾಸ ಏನಂದ್ರೆ, ಬದೂಯಿಗಳು ಮತ್ತು ಊರಿನ ಹಿರಿಯರು ಕಟ್ಟಿದವರನ್ನು ಗೌರವದಿಂದ ನೆನೆದರು. ವಿಡಿಯೋ ಮಾಡೋರು ಆ ಮನುಷ್ಯರ ದುಡಿಮೆಯನ್ನೇ ಕಿತ್ತು ಬೇರೆಯವರಿಗೆ ಕೊಡ್ತಾರೆ.

ಕೈಟ್‌ಗಳು ಬೇಟೆಯ ಬಲೆ ಅನ್ನೋದು ಈಗ ಬಹುತೇಕ ಒಪ್ಪಿದ ಮಾತು. ಕಿಲೋಮೀಟರ್‌ಗಟ್ಟಲೆ ಉದ್ದದ ಎರಡು ತಗ್ಗು ಗೋಡೆಗಳು ದೂರದಿಂದ ಬಂದು ಹತ್ತಿರ ಹತ್ತಿರ ಸೇರ್ತಾ ಹೋಗ್ತವೆ. ಗಸೆಲ್ ಹಿಂಡನ್ನು ಅಟ್ಟಿದರೆ ಪ್ರಾಣಿಗಳು ಗೋಡೆ ಹಾರದೆ ಅದರ ಪಕ್ಕದಲ್ಲೇ ಓಡುತ್ತವೆ. ಕೊನೆಗೆ ದೊಡ್ಡಿಯೊಳಗೆ ಸೇರಿ ಅದರ ಅಂಚಿನ ಗುಂಡಿಗಳಿಗೆ ಬೀಳುತ್ತವೆ. ಅರೇಬಿಯಾದಿಂದ ಕಜಕಿಸ್ತಾನದವರೆಗೆ ಇಂಥ ಆರು ಸಾವಿರಕ್ಕೂ ಹೆಚ್ಚು ಬಲೆಗಳು ಪತ್ತೆಯಾಗಿವೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಉಪಗ್ರಹ ಚಿತ್ರ ಜಾಲಾಡಿ, ಉತ್ತರ ಸೌದಿ ಮತ್ತು ದಕ್ಷಿಣ ಇರಾಕ್‌ನಲ್ಲಿ ಮೊದಲು ಯಾರಿಗೂ ಗೊತ್ತಿರದ 350ಕ್ಕೂ ಹೆಚ್ಚು ಕೈಟ್‌ಗಳನ್ನು ಗುರುತಿಸಿದೆ. ಕೆಲವುಗಳ ಗೋಡೆ ನಾಲ್ಕು ಕಿಲೋಮೀಟರ್‌ಗೂ ಉದ್ದ, ಎತ್ತರ ತಗ್ಗು ಲೆಕ್ಕಿಸದೆ ಸುಮಾರಾಗಿ ನೇರವಾಗಿ ಸಾಗಿವೆ.

ಇಷ್ಟು ದೊಡ್ಡದನ್ನು ಮೇಲಿಂದ ನೋಡದೆ ಹೇಗೆ ಕಟ್ಟಿದರು? ಅನ್ಯಗ್ರಹದ ಕಥೆ ಹುಟ್ಟೋದೇ ಈ ಪ್ರಶ್ನೆಯಿಂದ. ಇದಕ್ಕೂ 2023ರಲ್ಲಿ ಉತ್ತರ ಬಂತು. ಸೌದಿಯ ಜಬಲ್ ಅಜ್ ಝಿಲ್ಲಿಯಾತ್ ಮತ್ತು ಜೋರ್ಡಾನ್‌ನ ಜಿಬಾಲ್ ಅಲ್ ಖಶಾಬಿಯೆಯಲ್ಲಿ ಕಲ್ಲಿನ ಮೇಲೆ ಕೊರೆದ ಕೈಟ್‌ಗಳ ನಕ್ಷೆ ಸಿಕ್ಕಿವೆ ಅಂತ ಫ್ರಾನ್ಸ್‌ನ ರೆಮಿ ಕ್ರಾಸಾರ್ ಮತ್ತು ಸಂಗಡಿಗರು ಪ್ರಕಟಿಸಿದರು. ಸೌದಿಯ ಬಂಡೆಯ ಮೇಲಿನ ನಕ್ಷೆ ಸುಮಾರು 3.8 ಮೀಟರ್ ಉದ್ದ, ವಯಸ್ಸು ಸುಮಾರು 8,000 ವರ್ಷ. ಅದನ್ನು ಉಪಗ್ರಹ ಚಿತ್ರದ ಜೊತೆ ಹೋಲಿಸಿದಾಗ ಹತ್ತಿರದ ಕೈಟ್‌ಗಳ ಅಳತೆಗೆ, ದಿಕ್ಕಿಗೆ ಸರಿಯಾಗಿ ಹೊಂದಿಕೊಂಡಿತು. ಸೈಟ್‌ನಲ್ಲಿ ಡ್ರಾಯಿಂಗ್ ಹಿಡಿದು ಕೆಲಸ ಮಾಡೋರಿಗೆ ಇದರ ಬೆಲೆ ಬೇಗ ಅರ್ಥ ಆಗುತ್ತೆ. ನೆಲದ ಮೇಲೆ ನಡೆದು, ಅಳೆದು, ಅದನ್ನು ಮನಸ್ಸಿನಲ್ಲಿ ಚಿಕ್ಕದು ಮಾಡಿ ಕಲ್ಲಿನ ಮೇಲೆ ಇಳಿಸಿದವರು ಆ ಕಾಲದ ಬೇಟೆಗಾರರು.

ಚಿತ್ರ ನಂಬಿ ಎಡವಿದ್ದೂ ಉಂಟು

ಉಪಗ್ರಹ ಚಿತ್ರ ತೋರಿಸಿದ್ದೆಲ್ಲ ಹೇಳಿದ ಹಾಗೇ ಇರುತ್ತೆ ಅಂತಲ್ಲ. ಒಮಾನ್‌ನ ಸಲಾಲಾದಲ್ಲಿ ಇರೋರು 'ಉಬಾರ್' ಹೆಸರು ಕೇಳಿರ್ತಾರೆ. ಮರಳಲ್ಲಿ ಮುಳುಗಿಹೋಯ್ತು ಅಂತ ಕಥೆ ಇರುವ ಊರು. 1984ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ತೆಗೆದ ರೇಡಾರ್ ಚಿತ್ರಗಳು ಮತ್ತು ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ಒಂಟೆ ಸಾರ್ಥಗಳ ಹಳೇ ಹಾದಿಗಳು ಕಂಡವು. ಮರಳ ದಿಬ್ಬದ ಅಡಿಗೆ ಹೋಗಿ ಮತ್ತೆ ಆಚೆ ಹೊರಟ ಹಾದಿಗಳು ಅವು. ಅವನ್ನೂ ಹಳೇ ನಕ್ಷೆಗಳನ್ನೂ ಇಟ್ಟುಕೊಂಡು ಹೋದ ತಂಡ ಶಿಸ್ರ್ ಅನ್ನೋ ನೀರಿನ ತಾಣದಲ್ಲಿ ಅಗೆದಾಗ ಕುಸಿದುಬಿದ್ದ ಹಳೇ ಕೋಟೆ ಸಿಕ್ಕಿತು. 1992ರಲ್ಲಿ 'ಉಬಾರ್ ಸಿಕ್ಕಿತು' ಅಂತ ಜಗತ್ತಿಗೆಲ್ಲ ಸುದ್ದಿ ಹೋಯ್ತು.

ಕೋಟೆ ನಿಜ, ಹಾದಿಗಳು ನಿಜ. ಸಾಂಬ್ರಾಣಿ ವ್ಯಾಪಾರದ ತಾಣವಾಗಿ ಅದು 2000ದಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಆದರೆ ಅದೇ ಕಥೆಯ ಉಬಾರ್ ಅನ್ನೋದನ್ನು ಹಲವು ವಿದ್ವಾಂಸರು ಇವತ್ತಿಗೂ ಒಪ್ಪಲ್ಲ. ಚಿತ್ರ ಹಾದಿಯನ್ನು ತೋರಿಸಿತ್ತು ಅಷ್ಟೇ, ಹೆಸರು ಕೊಟ್ಟವರು ಮನುಷ್ಯರು.

ಇದೇ ಊರನ್ನು ಹುಡುಕುತ್ತಾ 1932ರಲ್ಲಿ ರುಬ್ ಅಲ್ ಖಾಲಿಗೆ ಹೋದ ಸೇಂಟ್ ಜಾನ್ ಫಿಲ್ಬಿಗೆ ಸಿಕ್ಕಿದ್ದು ವಬಾರ್‌ನ ಗುಂಡಿಗಳು. ಸುಟ್ಟು ಕರಗಿದ ಮರಳು, ಕಪ್ಪು ಗಾಜಿನ ಚೂರು, ಕಬ್ಬಿಣದ ತುಂಡು. ಕೊನೆಗೆ ನೋಡಿದರೆ ಅದು ಊರೇ ಅಲ್ಲ, ಆಕಾಶದಿಂದ ಉಲ್ಕೆ ಬಿದ್ದ ಜಾಗ.

ಕಣ್ಣಿಗೂ ಮೋಸ ಆಗುತ್ತೆ. ಮರುಭೂಮಿ ಚಿತ್ರದಲ್ಲಿ ಬಿಸಿಲು ಯಾವ ಕಡೆಯಿಂದ ಬಿದ್ದಿದೆ ಅಂತ ಗಮನಿಸದಿದ್ದರೆ ಗುಂಡಿ ದಿಬ್ಬದಂತೆ, ದಿಬ್ಬ ಗುಂಡಿಯಂತೆ ಕಾಣುತ್ತೆ. ನೆರಳು ಸೇರಿ ಮುಖದ ಹಾಗೆ ಆಗುತ್ತೆ. 1976ರಲ್ಲಿ ಮಂಗಳ ಗ್ರಹದ ಒಂದು ಗುಡ್ಡದ ಚಿತ್ರ ಮನುಷ್ಯರ ಮುಖದಂತೆ ಕಂಡು ಗದ್ದಲ ಆಗಿತ್ತು. ಆಮೇಲೆ ಸ್ಪಷ್ಟ ಚಿತ್ರ ಬಂದಾಗ ಅದು ಬರೀ ಗುಡ್ಡ ಅಂತ ಗೊತ್ತಾಯ್ತು. ಹಾಗಾಗಿ ತಜ್ಞರು ಒಂದೇ ಚಿತ್ರ ನಂಬಲ್ಲ. ಬೇರೆ ಬೇರೆ ವರ್ಷದ, ಬೇರೆ ಬೇರೆ ಹೊತ್ತಿನ ಚಿತ್ರ ಇಟ್ಟು ನೋಡ್ತಾರೆ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ನೋಡುವ ಸೌಲಭ್ಯ ಎಲ್ಲರಿಗೂ ಇದೆ. ವಿಡಿಯೋ ಫಾರ್ವರ್ಡ್ ಮಾಡೋ ಮೊದಲು ಐದು ನಿಮಿಷ ಅದನ್ನು ನೋಡಿದರೆ ಅರ್ಧ ಸುಳ್ಳು ಅಲ್ಲೇ ಬಯಲಾಗುತ್ತೆ.

ದುಬೈನ ಉಂಗುರ

ಮೇಲಿಂದ ಕಂಡದ್ದು, ನೆಲದಲ್ಲಿ ಅಗೆದದ್ದು ಎರಡೂ ಸರಿಯಾಗಿ ಸೇರಿದಾಗ ಏನಾಗುತ್ತೆ ಅನ್ನೋದಕ್ಕೆ ದುಬೈನಲ್ಲೇ ಉದಾಹರಣೆ ಇದೆ. 2002ರಲ್ಲಿ ದುಬೈ ದೊರೆ ಶೇಖ್ ಮೊಹಮ್ಮದ್ ಬಿನ್ ರಾಶಿದ್ ಹೆಲಿಕಾಪ್ಟರ್‌ನಲ್ಲಿ ಮರುಭೂಮಿ ಮೇಲೆ ಹಾರುವಾಗ ಮರಳ ದಿಬ್ಬಗಳ ನಡುವೆ ಬೇರೆ ಬಣ್ಣದ ನೆಲ ಕಂಡರು. ಅಲ್ಲಿ ಅಗೆದಾಗ ಲೋಹ ಕರಗಿಸಿದ ಕಿಟ್ಟ, ತಾಮ್ರ ಕಂಚಿನ ಆಯುಧ, ಚಿನ್ನದ ಒಡವೆ ಸಿಕ್ಕವು. ಆ ಜಾಗ ಸರೂಕ್ ಅಲ್ ಹದೀದ್. ಅಲ್ಲಿ ಸಿಕ್ಕ ಒಂದು ಚಿನ್ನದ ಉಂಗುರದ ವಿನ್ಯಾಸವೇ ದುಬೈ ಎಕ್ಸ್‌ಪೋ 2020ರ ಲೋಗೋ ಆಯ್ತು. ಎಕ್ಸ್‌ಪೋದಲ್ಲಿ ಕೆಲಸ ಮಾಡಿದ ಎಷ್ಟೋ ಮಂದಿ ಎದೆ ಮೇಲೆ ಆ ಗುರುತು ಹೊತ್ತು ಓಡಾಡಿದರು, ಅದು ಎಲ್ಲಿಂದ ಬಂತು ಅಂತ ತಿಳಿದವರು ಕಡಿಮೆ.

ಅಬುಧಾಬಿಯ ಖಲೀಫಾ ವಿಶ್ವವಿದ್ಯಾಲಯದ ಸಂಶೋಧಕರು ಈಗ ಇದೇ ಜಾಗವನ್ನು ಮಾದರಿಯಾಗಿ ಇಟ್ಟುಕೊಂಡು, ಉಪಗ್ರಹದ ರೇಡಾರ್ ಚಿತ್ರಗಳಲ್ಲಿ ಮರಳಿನಡಿಯ ರಚನೆ ಗುರುತಿಸಲು ಕಂಪ್ಯೂಟರ್‌ಗೆ ಕಲಿಸುವ ಕೆಲಸ ಮಾಡಿದ್ದಾರೆ. ಒಣ ಮರಳಿನಲ್ಲಿ ಕೆಲವು ರೇಡಾರ್ ಅಲೆಗಳು ಸ್ವಲ್ಪ ಆಳಕ್ಕೆ ಇಳಿಯುತ್ತವೆ. ಕ್ಯಾಮರಾಕ್ಕೆ ಕಾಣದ್ದು ಅವಕ್ಕೆ ಕಾಣಬಹುದು. ಹುಡುಕುವ ಕೆಲಸ ಮುಂದೆ ಇನ್ನೂ ಬೇಗ ಆಗಲಿದೆ.

ಇವತ್ತಿನವರು ಬಿಡುವ ಗೆರೆ

ಹಳಬರದ್ದು ಮಾತ್ರ ಅಲ್ಲ, ಇವತ್ತಿನವರ ಗೆರೆಯೂ ಮೇಲಿಂದ ಕಾಣುತ್ತೆ. ರಿಯಾದ್‌ನ ದಕ್ಷಿಣಕ್ಕೆ ಅಲ್ ಖರ್ಜ್ ಕಡೆ ಕಿಟಕಿಯಿಂದ ನೋಡಿದವರಿಗೆ ನೆಲದಲ್ಲಿ ಹಸಿರು ಚಕ್ರಗಳ ಸಾಲು ಗೊತ್ತು. ಮಧ್ಯದ ಬೋರ್‌ವೆಲ್ ಸುತ್ತ ಉದ್ದನೆಯ ಪೈಪು ಗಡಿಯಾರದ ಮುಳ್ಳಿನಂತೆ ತಿರುಗುತ್ತಾ ನೀರು ಚಿಮುಕಿಸುವ ಹೊಲಗಳು ಅವು. ಮೇಲಕ್ಕೆ ಬರುವ ನೀರು ಸಾವಿರಾರು ವರ್ಷ ಹಿಂದಿನ ಮಳೆಯದ್ದು, ಅರೇಬಿಯಾ ಹಸಿರಾಗಿದ್ದ ಕಾಲಗಳಲ್ಲಿ ನೆಲ ಕುಡಿದದ್ದು. ತೆಗೆದಷ್ಟು ಮತ್ತೆ ತುಂಬಲ್ಲ. ಅದಕ್ಕೇ ಸೌದಿ ಸರ್ಕಾರ 2008ರಲ್ಲಿ ಗೋಧಿ ಬೆಳೆ ಕಡಿಮೆ ಮಾಡಲು ತೀರ್ಮಾನಿಸಿ, 2016ರ ಹೊತ್ತಿಗೆ ದೇಶದೊಳಗಿನ ಗೋಧಿ ಖರೀದಿ ನಿಲ್ಲಿಸಿತು. ಆಮೇಲೆ ಮಿತಿಯೊಳಗೆ ಮತ್ತೆ ಅವಕಾಶ ಕೊಟ್ಟಿದೆ. ಹಳೇ ಮತ್ತು ಹೊಸ ಚಿತ್ರ ಅಕ್ಕಪಕ್ಕ ಇಟ್ಟರೆ ಯಾವ ಚಕ್ರ ಹಸಿರಾಗೇ ಇದೆ, ಯಾವುದು ಕಂದು ಬಣ್ಣಕ್ಕೆ ತಿರುಗಿದೆ ಅಂತ ಕಾಣುತ್ತೆ. ಆ ಪ್ರತಿ ಚಕ್ರದ ಅಂಚಿನಲ್ಲಿ ಒಂದು ಮಜ್ರಾ, ಅಲ್ಲಿ ದೂರದ ದೇಶದಿಂದ ಬಂದ ಕೆಲಸಗಾರರ ರೂಮು ಇರುತ್ತೆ. ಅದು ಮಾತ್ರ ಚಿತ್ರದಲ್ಲಿ ಒಂದು ಚುಕ್ಕೆ.

ಇನ್ನು ತಬೂಕ್ ಪ್ರಾಂತ್ಯದ ನಿಯೋಮ್. 170 ಕಿಲೋಮೀಟರ್ ಉದ್ದದ ನೇರ ಗೆರೆಯಾಗಿ ಊರು ಕಟ್ಟುವ 'ದಿ ಲೈನ್' ಯೋಜನೆ 2021ರಲ್ಲಿ ಘೋಷಣೆ ಆಯ್ತು. ಅದಕ್ಕಾಗಿ ಮರುಭೂಮಿಯಲ್ಲಿ ಅಗೆದ ಗೆರೆ ಉಪಗ್ರಹ ಚಿತ್ರದಲ್ಲಿ ಎದ್ದು ಕಾಣುತ್ತೆ.

ಅಪಾಯ ಎಲ್ಲಿದೆ?

ಮುಸ್ತತೀಲ್ ಮತ್ತು ಕೈಟ್‌ಗಳು ಇಷ್ಟು ಸಾವಿರ ವರ್ಷ ಉಳಿಯಲು ಮುಖ್ಯ ಕಾರಣ, ಆ ನೆಲಕ್ಕೆ ಯಾರೂ ಕೈ ಹಾಕದೇ ಇದ್ದದ್ದು. ಉಳಲು ಮಣ್ಣಿಲ್ಲ, ಕಟ್ಟಲು ಊರಿಲ್ಲ. ಈಗ ಆ ರಕ್ಷಣೆ ಹೋಗ್ತಾ ಇದೆ. ರಸ್ತೆ, ಪೈಪ್‌ಲೈನ್, ಕಲ್ಲು ಕ್ವಾರಿ, ಹೊಲ, ಸೋಲಾರ್ ಪ್ಲಾಂಟ್ ಎಲ್ಲವೂ ಖಾಲಿ ಜಾಗ ಅಂತ ಹುಡುಕೋದು ಇಂಥ ಬಯಲನ್ನೇ. ಆಕ್ಸ್‌ಫರ್ಡ್‌ನ ಸಂಶೋಧಕರು ಕೈಟ್ ಹುಡುಕಿದ್ದೇ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದಲ್ಲಿ ಅಪಾಯದಲ್ಲಿರುವ ಸ್ಮಾರಕಗಳನ್ನು ದಾಖಲಿಸಲು 2015ರಲ್ಲಿ ಶುರುವಾದ ಯೋಜನೆಯ ಭಾಗವಾಗಿ. ಹೊಸತು ಕಂಡುಹಿಡಿಯೋದು, ಹಾಳಾಗೋ ಮೊದಲು ಬರೆದಿಡೋದು ಈಗ ಒಂದೇ ಕೆಲಸ ಆಗಿಬಿಟ್ಟಿದೆ.

ಇಲ್ಲಿ ಡಾ. ಅಲ್ ಸಯೀದ್ ಅವರ ಅನುಭವ ಮತ್ತೆ ನೆನಪಿಗೆ ಬರಬೇಕು. ಮರುಭೂಮಿಯನ್ನೇ ಪ್ರೀತಿಸಿ ಸುತ್ತಿದ ಅವರಿಗೇ ಹತ್ತಿರ ನಿಂತಾಗ ಆಕಾರ ಗೊತ್ತಾಗಲಿಲ್ಲ. ಹಾಗಿದ್ದಾಗ ಬೆಳಿಗ್ಗೆ ಐದಕ್ಕೆ ಬಸ್ಸಿನಲ್ಲಿ ಬಂದು ಬಿಸಿಲಲ್ಲಿ ಶವೆಲ್ ಓಡಿಸುವ ಆಪರೇಟರ್‌ಗೆ ಮೊಣಕಾಲೆತ್ತರದ ಕಲ್ಲಿನ ಸಾಲು ಹೇಗೆ ಕಂಡೀತು? ಅವರಿಗೆ ಅದು ಸಪಾಟು ಮಾಡಬೇಕಾದ ಕಲ್ಲು. ತಪ್ಪು ಅವರದ್ದಲ್ಲ. ದೊಡ್ಡ ಯೋಜನೆಗಳಲ್ಲಿ ಕೆಲಸಕ್ಕೆ ಮೊದಲು ಸಮೀಕ್ಷೆ ಮಾಡಿಸಿ, ಮುಟ್ಟಬಾರದ ಜಾಗಕ್ಕೆ ಬೇಲಿ ಹಾಕಿಸೋದು ಮಾಲೀಕರ, ಕಂಪನಿಗಳ ಹೊಣೆ. ಆ ಮಾಹಿತಿ ಇಂಜಿನಿಯರ್ ಕ್ಯಾಬಿನ್‌ನಲ್ಲೇ ನಿಲ್ಲದೆ, ಹಿಂದಿ, ಉರ್ದು, ಮಲಯಾಳಂ, ಕನ್ನಡ ಮಾತಾಡುವ ಆಪರೇಟರ್ ತನಕ ಬರಬೇಕು. ಬೆಳಗಿನ ಸೇಫ್ಟಿ ಮೀಟಿಂಗ್‌ನಲ್ಲಿ ಹೆಲ್ಮೆಟ್ ಬಗ್ಗೆ ಹೇಳುವ ಹಾಗೆ ಇದನ್ನೂ ಎರಡು ನಿಮಿಷ ಹೇಳಿದರೆ ಸಾಕು.

ಕೆಲಸಗಾರರೂ ತಿಳಿದಿರಬೇಕಾದ ಸಂಗತಿ ಇದೆ. ಗಲ್ಫ್ ದೇಶಗಳಲ್ಲಿ ಹಳೇ ವಸ್ತು, ಹಳೇ ರಚನೆಗಳಿಗೆ ಕಾನೂನಿನ ರಕ್ಷಣೆ ಇದೆ. ಅನುಮತಿ ಇಲ್ಲದೆ ಅಗೆಯೋದು, ಒಯ್ಯೋದು, ಮಾರೋದು ಅಪರಾಧ. ರಜೆಯಲ್ಲಿ ಮರುಭೂಮಿಗೆ ಹೋದಾಗ ಸಿಕ್ಕ ಬಾಣದ ಮೊನೆ, ಮಡಕೆ ಚೂರು, ಬರಹ ಇರುವ ಕಲ್ಲನ್ನು ನೆನಪಿಗೆ ಅಂತ ಬ್ಯಾಗಿಗೆ ಹಾಕಿಕೊಂಡರೆ ಏರ್‌ಪೋರ್ಟ್‌ನಲ್ಲಿ ತೊಂದರೆ ಆಗಬಹುದು. ಹೆಸರು ಕೆತ್ತೋದು, ಗೋಡೆಯ ಕಲ್ಲು ತೆಗೆದು ಒಲೆ ಹೂಡೋದು ಕೂಡ ಹಾನಿಯೇ. ಡ್ರೋನ್ ಹಾರಿಸಲು ಅನುಮತಿ ಬೇಕು. ಏನಾದರೂ ಕಂಡರೆ ಮುಟ್ಟದೆ ಫೋಟೋ ತೆಗೆದು, ಜಾಗದ ಲೊಕೇಶನ್ ಗುರುತು ಹಾಕಿಕೊಂಡು, ಸೈಟ್‌ನಲ್ಲಾದರೆ ಫೋರ್‌ಮನ್‌ಗೆ, ಹೊರಗಾದರೆ ಅಧಿಕಾರಿಗಳಿಗೆ ತಿಳಿಸೋದು ಸರಿಯಾದ ದಾರಿ. ಸೌದಿಯಲ್ಲಿ ಈ ಕೆಲಸಕ್ಕೆ ಹೆರಿಟೇಜ್ ಕಮಿಷನ್ ಇದೆ.

ಲೊಕೇಶನ್ ವಿಷಯದಲ್ಲಿ ಇನ್ನೊಂದು ಎಚ್ಚರ. ಯಾರೂ ಕಾಯದ ಜಾಗದ ಲೊಕೇಶನ್ ಫೇಸ್‌ಬುಕ್, ಟಿಕ್‌ಟಾಕ್‌ಗೆ ಹಾಕಿದರೆ ಅದು ನಿಧಿ ಕಳ್ಳರಿಗೆ ದಾರಿ ತೋರಿಸಿದಂತೆ. ಪುರಾತತ್ವ ತಜ್ಞೆ ಸಾರಾ ಪಾರ್ಕಾಕ್ 2017ರಲ್ಲಿ ಉಪಗ್ರಹ ಚಿತ್ರ ನೋಡಿ ಹಳೇ ತಾಣ ಗುರುತಿಸುವ ಕೆಲಸಕ್ಕೆ ಸಾಮಾನ್ಯ ಜನರನ್ನು ಸೇರಿಸಿಕೊಂಡಾಗ, ಚಿತ್ರ ತೋರಿಸಿದರೇ ಹೊರತು ಅದು ಎಲ್ಲಿಯದು ಅಂತ ತೋರಿಸಲಿಲ್ಲ. ಕಾರಣ ಇದೇ.

ಗಲ್ಫ್‌ಗೆ ದುಡಿಯಲು ಬಂದವರಿಗೆ ಈ ನೆಲ ಅಂದ್ರೆ ಇಕಾಮಾ, ಸಂಬಳ, ಊರಿಗೆ ಕಳಿಸುವ ಹಣ. ಅದರಲ್ಲಿ ತಪ್ಪೇನಿಲ್ಲ. ಆದರೆ ಇಲ್ಲಿನ ಊರು, ರಸ್ತೆ, ಕಟ್ಟಡಗಳನ್ನು ಕೈಯಾರೆ ಕಟ್ಟಿದವರಿಗೆ, ಏಳು ಸಾವಿರ ವರ್ಷದ ಹಿಂದೆ ಇದೇ ಬಿಸಿಲಲ್ಲಿ ಕಲ್ಲು ಹೊತ್ತು ಗೋಡೆ ಕಟ್ಟಿದವರ ಶ್ರಮ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥ ಆಗುತ್ತೆ. ಅವರ ಹೆಸರೂ ಯಾವ ಬೋರ್ಡಿನಲ್ಲೂ ಇಲ್ಲ. ಮುಂದಿನ ಸಲ ಖೈಬರ್ ದಾಟುವಾಗ ಗಾಡಿ ನಿಲ್ಲಿಸಿ ಚಾಯ್ ಕುಡಿಯೋ ಹೊತ್ತಿಗೆ, ಮೊಬೈಲ್‌ನಲ್ಲಿ ಉಪಗ್ರಹ ನಕ್ಷೆ ತೆರೆದು ಸುತ್ತಮುತ್ತ ಒಮ್ಮೆ ನೋಡಬಹುದು. ರಸ್ತೆ ಪಕ್ಕದ ಆ ಕಪ್ಪು ಕಲ್ಲಿನ ಸಾಲು ಬರೀ ಕಲ್ಲಾಗಿರಲಿಕ್ಕಿಲ್ಲ.